ಹೊಸ ಪುಸ್ತಕ ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಏಕೆ ಬರುವುದಿಲ್ಲ?

ಓದುಗರ ಪ್ರಶ್ನೋತ್ತರ: ಈ ಸಂಚಿಕೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಗ್ರಂಥಾಲಯಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ಬಹಳ ವರ್ಷಗಳಿಂದ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದ ಸದಸ್ಯನಾಗಿದ್ದೇನೆ. ಪತ್ರಿಕೆಯಲ್ಲಿ ವಿಮರ್ಶೆ ಓದಿ ಹೊಸ ಕಾದಂಬರಿಯನ್ನೋ ಪ್ರಬಂಧ ಸಂಕಲನವನ್ನೋ ಕೇಳಿದರೆ ‘ಇನ್ನೂ ಬಂದಿಲ್ಲ’ ಎಂಬ ಉತ್ತರವೇ ಸಿಗುತ್ತದೆ. ಒಮ್ಮೊಮ್ಮೆ ಎರಡು ವರ್ಷ ಕಳೆದರೂ ಪುಸ್ತಕ ಕಪಾಟಿಗೆ ಬರುವುದಿಲ್ಲ. ಇದಕ್ಕೆ ಯಾರನ್ನು ಕೇಳಬೇಕು?
– ನಿವೃತ್ತ ಶಿಕ್ಷಕರು, ಬೆಂಗಳೂರು

ಉತ್ತರ: ನೀವು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ, ಏಕೆಂದರೆ ಆ ಪುಸ್ತಕಕ್ಕೆ ನೀವು ಆಗಲೇ ಹಣ ಕಟ್ಟಿದ್ದೀರಿ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯ ಜೊತೆಯಲ್ಲಿಯೇ ಗ್ರಂಥಾಲಯ ಕರವನ್ನೂ ವಸೂಲು ಮಾಡಲಾಗುತ್ತದೆ. ತೆರಿಗೆಯ ಪ್ರತಿ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯದ ಪಾಲು. ಸ್ವಂತ ಮನೆಯಿಲ್ಲದವರೂ ಬಾಡಿಗೆಯ ರೂಪದಲ್ಲಿ ಇದರ ಭಾರವನ್ನು ಹೊರುತ್ತಾರೆ.

ಪುಸ್ತಕಗಳು ನಿಮ್ಮ ಶಾಖೆಗೆ ಮುಖ್ಯವಾಗಿ ಎರಡು ದಾರಿಗಳಿಂದ ಬರುತ್ತವೆ. ಮೊದಲನೆಯದು ರಾಜ್ಯಮಟ್ಟದ ಸಗಟು ಖರೀದಿ. ಒಂದು ವರ್ಷದಲ್ಲಿ ಮೊದಲ ಬಾರಿಗೆ ಪ್ರಕಟವಾದ ಪುಸ್ತಕಗಳಿಗೆ ಗ್ರಂಥಾಲಯ ಇಲಾಖೆಯು ಲೇಖಕರಿಂದ ಮತ್ತು ಪ್ರಕಾಶಕರಿಂದ ಅರ್ಜಿ ಕರೆಯುತ್ತದೆ. ಆಯ್ಕೆ ಸಮಿತಿಯು ಅವನ್ನು ಪರಿಶೀಲಿಸಿ ಪಟ್ಟಿ ಮಾಡುತ್ತದೆ. ಆಯ್ಕೆಯಾದ ಕನ್ನಡ ಪುಸ್ತಕದ ಗರಿಷ್ಠ 300 ಪ್ರತಿಗಳನ್ನು ಕೊಂಡು ರಾಜ್ಯದಾದ್ಯಂತ ಹಂಚಲಾಗುತ್ತದೆ. ಅರ್ಜಿ, ಆಯ್ಕೆ, ದರ ನಿಗದಿ, ಸರಬರಾಜು ಇವೆಲ್ಲ ಮುಗಿಯುವ ಹೊತ್ತಿಗೆ ‘ಹೊಸ’ ಪುಸ್ತಕಕ್ಕೆ ಎರಡು ವರ್ಷವಾಗಿರುವುದು ಅಪರೂಪವೇನಲ್ಲ. 300 ಪ್ರತಿಗಳು ಎಲ್ಲ ಜಿಲ್ಲೆಗಳಿಗೂ ಹೋಗಬೇಕಾದ್ದರಿಂದ ಬೆಂಗಳೂರಿನ ಪ್ರತಿಯೊಂದು ಶಾಖೆಗೂ ಒಂದೊಂದು ಸಿಗುವುದು ಸಾಧ್ಯವೇ ಇಲ್ಲ. ಕನ್ನಡದ ಸಣ್ಣ ಪ್ರಕಾಶಕರು ಬದುಕಿ ಉಳಿಯುವುದಕ್ಕೆ ಈ ಖರೀದಿ ದೊಡ್ಡ ಆಸರೆ ಎಂಬುದನ್ನು ಒಪ್ಪುತ್ತೇನೆ. ಆದರೆ ಓದುಗನ ಕಾಯುವಿಕೆ ಇಷ್ಟು ದೀರ್ಘವಾಗಬಾರದು, ಆಯ್ಕೆಯನ್ನು ವರ್ಷಕ್ಕೆ ಎರಡು ಬಾರಿಯಾದರೂ ನಡೆಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ದಾರಿ ನಗರ ಕೇಂದ್ರ ಗ್ರಂಥಾಲಯದ್ದು. ಬೆಂಗಳೂರನ್ನು ಇಲಾಖೆಯು ವಲಯಗಳಾಗಿ ವಿಂಗಡಿಸಿದೆ. ಪ್ರತಿ ವಲಯಕ್ಕೂ ಒಂದು ನಗರ ಕೇಂದ್ರ ಗ್ರಂಥಾಲಯ, ಅದರ ಮುಖ್ಯಸ್ಥರಾಗಿ ಒಬ್ಬ ಉಪನಿರ್ದೇಶಕರು, ಅವರ ಅಧೀನದಲ್ಲಿ ನಿಮ್ಮಂಥವರ ಶಾಖೆಗಳು. ಸ್ಥಳೀಯವಾಗಿ ಪುಸ್ತಕ ಕೊಳ್ಳುವುದು ಈ ಹಂತದಲ್ಲಿ, ಗ್ರಂಥಾಲಯ ಕರದ ಹಣದಿಂದ. ಜನರಿಂದ ವಸೂಲಾದ ಕರವು ಸಕಾಲಕ್ಕೆ ಇಲಾಖೆಗೆ ವರ್ಗವಾಗದೆ ಬಾಕಿ ಉಳಿಯುವುದು ಬೆಂಗಳೂರಿನ ಹಳೆಯ ಸಮಸ್ಯೆ. ಹಣ ಬಾರದಿದ್ದಾಗ ಮೊದಲು ನಿಲ್ಲುವುದು ಪುಸ್ತಕ ಖರೀದಿಯೇ, ಏಕೆಂದರೆ ಸಂಬಳವನ್ನೂ ಕಟ್ಟಡದ ಬಾಡಿಗೆಯನ್ನೂ ವಿದ್ಯುತ್ ಬಿಲ್ಲನ್ನೂ ಮುಂದಕ್ಕೆ ಹಾಕಲಾಗುವುದಿಲ್ಲ.

ಪುಸ್ತಕ ಬಂದ ದಿನವೇ ಕಪಾಟಿಗೆ ಹೋಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅದನ್ನು ಪರಿಗ್ರಹಣ ವಹಿಯಲ್ಲಿ, ಅಂದರೆ ಬಂದ ಪುಸ್ತಕಗಳಿಗೆ ಕ್ರಮಸಂಖ್ಯೆ ಕೊಡುವ ದಾಖಲೆ ಪುಸ್ತಕದಲ್ಲಿ ನಮೂದಿಸಿ, ಆ ಸಂಖ್ಯೆಯನ್ನು ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಬರೆಯುತ್ತಾರೆ. ಒಳಗಿನ ಒಂದು ನಿಗದಿತ ಪುಟದಲ್ಲಿಯೂ ಮೊಹರು ಒತ್ತುತ್ತಾರೆ. ಮೊದಲ ಹಾಳೆಯನ್ನು ಯಾರಾದರೂ ಹರಿದರೂ ಪುಸ್ತಕ ಯಾರದೆಂದು ಗುರುತಿಸಲು ಈ ಒಳಪುಟವೇ ಸಾಕ್ಷಿ. ಬಳಿಕ ವಿಷಯವನ್ನು ಸೂಚಿಸುವ ವರ್ಗಸಂಖ್ಯೆ ಕೊಟ್ಟು, ಬೆನ್ನಿಗೆ ಚೀಟಿ ಅಂಟಿಸಿ, ಕೊನೆಯ ಹಾಳೆಯಲ್ಲಿ ತಾರೀಕಿನ ಚೀಟಿ ಹಚ್ಚಬೇಕು. ಒಬ್ಬರೇ ಸಿಬ್ಬಂದಿ ಬಾಗಿಲು ತೆರೆಯುವುದರಿಂದ ಹಿಡಿದು ಪತ್ರಿಕೆ ಜೋಡಿಸುವವರೆಗೆ ಎಲ್ಲವನ್ನೂ ಮಾಡುವ ಶಾಖೆಯಲ್ಲಿ ಇದಕ್ಕೆ ವಾರಗಳು ಹಿಡಿಯುತ್ತವೆ. ಆದ್ದರಿಂದ ‘ಇನ್ನೂ ಬಂದಿಲ್ಲ’ ಎನ್ನುವ ಗ್ರಂಥಪಾಲಕರ ಮೇಲೆ ದಯವಿಟ್ಟು ಕೋಪಿಸಿಕೊಳ್ಳಬೇಡಿ.

ನೀವು ಮಾಡಬಹುದಾದದ್ದು ಇದು: ಬಾಯಿಮಾತಿನಲ್ಲಿ ಕೇಳಿ ಹಿಂದಿರುಗುವ ಬದಲು ಬರೆದು ಕೊಡಿ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಪ್ರಕಟಣೆಯ ವರ್ಷ ಮತ್ತು ಪುಸ್ತಕದಲ್ಲಿಯೇ ಅಚ್ಚಾಗಿರುವ ಐಎಸ್‌ಬಿಎನ್ ಸಂಖ್ಯೆಯನ್ನು ನಮೂದಿಸಿ, ನಿಮ್ಮ ಸದಸ್ಯತ್ವ ಸಂಖ್ಯೆಯೊಂದಿಗೆ ಶಾಖೆಗೆ ಒಂದು ಪ್ರತಿ, ವಲಯದ ಉಪನಿರ್ದೇಶಕರಿಗೆ ಒಂದು ಪ್ರತಿ ಸಲ್ಲಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅದೇ ಪುಸ್ತಕವನ್ನು ಬಯಸುವ ಇನ್ನೂ ನಾಲ್ಕಾರು ಸದಸ್ಯರ ಸಹಿಯಿದ್ದರೆ ಮನವಿಯ ತೂಕವೇ ಬೇರೆ. ಖರೀದಿಯ ಪಟ್ಟಿ ಸಿದ್ಧವಾಗುವಾಗ ಮೇಜಿನ ಮೇಲೆ ಪ್ರಕಾಶಕರ ಸೂಚಿಗಳು ರಾಶಿ ಬಿದ್ದಿರುತ್ತವೆ. ಓದುಗರ ಬೇಡಿಕೆಯ ಕಾಗದವೂ ಅಲ್ಲಿ ಇರಲೇಬೇಕು. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಒಂದು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, ಇಲ್ಲಿ 1962ರಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಆ ಮಹನೀಯರ ಊರಿನಲ್ಲಿ ನಾವು ಇಷ್ಟನ್ನಾದರೂ ಒತ್ತಾಯಿಸಿ ಕೇಳಬೇಕು.

ತುರ್ತಾಗಿ ನೋಡಲೇಬೇಕಾದ ಪುಸ್ತಕವಿದ್ದರೆ ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ಸೋಮವಾರ ವಾರದ ರಜೆ.

ಪ್ರಶ್ನೆ: ಕೆಲಸಕ್ಕಾಗಿ ಕಲಬುರಗಿಯಿಂದ ಬಂದು ಪೀಜಿಯಲ್ಲಿದ್ದೇನೆ. ಬೆಂಗಳೂರಿನ ವಿಳಾಸದ ಗುರುತಿನ ಚೀಟಿ ಇಲ್ಲ. ಗ್ರಂಥಾಲಯಕ್ಕೆ ಹೋಗಬಹುದೇ?
– ಓದುಗಿ, ಮಾರತ್ತಹಳ್ಳಿ

ಉತ್ತರ: ಖಂಡಿತವಾಗಿ. ಒಳಗೆ ಕುಳಿತು ಪತ್ರಿಕೆ, ಪುಸ್ತಕ ಓದಲು ಸದಸ್ಯತ್ವ ಬೇಕಿಲ್ಲ. ಮನೆಗೆ ಒಯ್ಯಲು ಮಾತ್ರ ಅರ್ಜಿ, ಭಾವಚಿತ್ರ, ವಿಳಾಸದ ದಾಖಲೆ ಮತ್ತು ಠೇವಣಿ ಬೇಕು. ಊರು ಬಿಡುವಾಗ ಠೇವಣಿ ಹಿಂದಕ್ಕೆ ಸಿಗುತ್ತದೆ, ರಸೀದಿಯನ್ನು ಜೋಪಾನವಾಗಿಡಿ. ವಿಳಾಸದ ದಾಖಲೆ ಸಿಗುವವರೆಗೆ, 2020ರ ಫೆಬ್ರವರಿಯಲ್ಲಿ ಆರಂಭವಾದ ಇಲಾಖೆಯ ಡಿಜಿಟಲ್ ಗ್ರಂಥಾಲಯಕ್ಕೆ ಮೊಬೈಲಿನಲ್ಲಿಯೇ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು.

ಪ್ರಶ್ನೆ: ಬೆಳಿಗ್ಗೆ ಪತ್ರಿಕೆ ಓದಲು ಹೋದರೆ ಕುರ್ಚಿಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಂದ ತುಂಬಿರುತ್ತವೆ. ಅವರು ತಮ್ಮದೇ ಪುಸ್ತಕಗಳನ್ನು ತಂದು ಸಂಜೆಯವರೆಗೂ ಏಳುವುದಿಲ್ಲ. ಇದು ಸರಿಯೇ?
– ಹಿರಿಯ ನಾಗರಿಕರು, ವಿಜಯನಗರ

ಉತ್ತರ: ನಿಮ್ಮ ಕಷ್ಟ ನಿಜ, ಆದರೆ ಆ ಹುಡುಗರನ್ನು ಎಬ್ಬಿಸಿ ಎಂದು ನಾನು ಹೇಳಲಾರೆ. ಹತ್ತು ಅಡಿ ಕೋಣೆಯಲ್ಲಿ ನಾಲ್ವರು ಹಂಚಿಕೊಂಡು ಇರುವವರಿಗೆ, ತಿಂಗಳಿಗೆ ಸಾವಿರಾರು ರೂಪಾಯಿ ಪಡೆಯುವ ಖಾಸಗಿ ವಾಚನಾಲಯಕ್ಕೆ ಹೋಗಲಾರದವರಿಗೆ, ಗದ್ದಲವಿಲ್ಲದ ಒಂದು ಮೇಜು ಈ ನಗರದಲ್ಲಿ ಬೇರೆ ಎಲ್ಲಿಯೂ ಇಲ್ಲ. ತಮ್ಮ ಪುಸ್ತಕ ತರುವುದಕ್ಕೂ ಕಾರಣವಿದೆ: ಪರೀಕ್ಷೆಯ ಪುಸ್ತಕಗಳು ವರ್ಷವರ್ಷವೂ ಬದಲಾಗುತ್ತವೆ, ಗ್ರಂಥಾಲಯದಲ್ಲಿರುವ ಆವೃತ್ತಿ ಹಳತಾಗಿರುತ್ತದೆ. ಚೀಲವಿಟ್ಟು ಜಾಗ ಹಿಡಿದು ಗಂಟೆಗಟ್ಟಲೆ ಹೊರಗೆ ಹೋಗುವುದು ಮಾತ್ರ ತಪ್ಪು, ಅದನ್ನು ಗ್ರಂಥಪಾಲಕರ ಗಮನಕ್ಕೆ ತರಬಹುದು. ಪತ್ರಿಕೆಗಳ ಮೇಜನ್ನು ಬೇರೆ ಕೋಣೆಗೆ ಅಥವಾ ಜಗಲಿಗೆ ಬದಲಾಯಿಸಿ, ಅಲ್ಲಿನ ಕೆಲವು ಕುರ್ಚಿಗಳನ್ನು ಹಿರಿಯರಿಗೆ ಕಾದಿರಿಸುವಂತೆ ಇಬ್ಬರೂ ಸೇರಿ ಮನವಿ ಕೊಡುವುದು ಉತ್ತಮ.

ಪ್ರಶ್ನೆ: ಜೀವನವಿಡೀ ಓದಿದ ನಮ್ಮ ತಂದೆಯವರಿಗೆ ಈಗ ದೃಷ್ಟಿ ಹೋಗಿದೆ. ಕನ್ನಡ ಪುಸ್ತಕಗಳನ್ನು ಕೇಳುವ ವ್ಯವಸ್ಥೆ ಇದೆಯೇ?
– ಓದುಗಿ, ಬನಶಂಕರಿ

ಉತ್ತರ: ಇದೆ. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯಲ್ಲಿ ಮಾತನಾಡುವ ಪುಸ್ತಕಗಳ ಗ್ರಂಥಾಲಯವಿದೆ. ಮೊದಲು ಅಲ್ಲಿ ವಿಚಾರಿಸಿ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವೆಂಬ ಅಂತರ್ಜಾಲ ಗ್ರಂಥಾಲಯವು ಮುದ್ರಿತ ಅಕ್ಷರ ಓದಲಾಗದವರಿಗಾಗಿಯೇ ಇದೆ. ಸದಸ್ಯತ್ವಕ್ಕೆ ಅಂಗವೈಕಲ್ಯದ ಪ್ರಮಾಣಪತ್ರವನ್ನು ಸಿದ್ಧವಾಗಿಟ್ಟುಕೊಳ್ಳಿ. ತಂದೆಯವರು ಬಯಸುವ ಪುಸ್ತಕ ಎಲ್ಲಿಯೂ ಸಿಗದಿದ್ದರೆ ನೀವೇ ಓದಿ ಧ್ವನಿಮುದ್ರಿಸಿ ಕೊಡಬಹುದು. ಅಂಗವಿಕಲರ ಓದಿಗಾಗಿ ಹೀಗೆ ಮಾಡುವುದಕ್ಕೆ 2012ರ ತಿದ್ದುಪಡಿಯ ನಂತರ ನಮ್ಮ ಹಕ್ಕುಸ್ವಾಮ್ಯ ಕಾನೂನಿನಲ್ಲಿಯೇ ಅವಕಾಶವಿದೆ. ಇದೇ ಉದ್ದೇಶದ ಮರಕೇಶ್ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಮಗಳ ಧ್ವನಿಯಲ್ಲಿ ಕೇಳುವ ಪುಸ್ತಕ ಅವರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸೀತು.

ಪ್ರಶ್ನೆ: ತಾತನವರ ಎರಡು ಬೀರು ತುಂಬ ಪುಸ್ತಕಗಳಿವೆ. ಗ್ರಂಥಾಲಯಕ್ಕೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.
– ಓದುಗರು, ಮಲ್ಲೇಶ್ವರ

ಉತ್ತರ: ಜಾಗದ ಅಭಾವ, ದಾಖಲೆಯ ಕೆಲಸ ಮತ್ತು ಹುಳುವಿನ ಭಯ, ಈ ಮೂರೂ ಕಾರಣಗಳಿಂದ ಶಾಖೆಗಳು ಹಿಂಜರಿಯುತ್ತವೆ. ಮೂಟೆ ಕಟ್ಟಿ ಒಯ್ಯುವ ಮೊದಲು ಪಟ್ಟಿ ಮಾಡಿ. ಇತಿಹಾಸ, ಶಾಸನ, ಪ್ರಾಚೀನ ಸಾಹಿತ್ಯದ ಗ್ರಂಥಗಳಿದ್ದರೆ 1909ರಲ್ಲಿ ಸ್ಥಾಪನೆಯಾದ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ. ಹಳೆಯ ಕನ್ನಡ ಪುಸ್ತಕಗಳಿದ್ದರೆ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗೆ. ಸಾರ್ವಜನಿಕ ವಿಚಾರಗಳಿಗೆ ಸಂಬಂಧಿಸಿದವಿದ್ದರೆ ಡಿ. ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಆ ಪಟ್ಟಿಯನ್ನು ಕಳುಹಿಸಿ, ಯಾವುವು ಬೇಕೆಂದು ಅವರೇ ಗುರುತು ಮಾಡಲಿ. ಹಳೆಯ ಮಾಸಪತ್ರಿಕೆಗಳನ್ನು ಮಾತ್ರ ಯಾವ ಕಾರಣಕ್ಕೂ ರದ್ದಿಗೆ ಹಾಕಬೇಡಿ. ಸಂಪುಟ ಮತ್ತು ಸಂಚಿಕೆಯ ಸಂಖ್ಯೆಯನ್ನು ಪಟ್ಟಿಯಲ್ಲಿ ಬರೆಯಿರಿ. ಸಂಸ್ಥೆಗಳು ತಮ್ಮಲ್ಲಿ ತಪ್ಪಿಹೋದ ಸಂಚಿಕೆಗಳನ್ನು ಹುಡುಕುವುದು ಇಂಥ ಮನೆಗಳಲ್ಲಿಯೇ. ಹುಳು ಹಿಡಿದ ಪ್ರತಿಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಹಾಗೆಂದು ಮೇಲೆ ಬರೆದು ಕೊಡಿ.