‘ನಮ್ಮನೆಗೆ ಹೋಗ್ಬೇಕು’ ಅಂತಾರೆ ಅತ್ತೆ

ಪ್ರಶ್ನೆ: ಅತ್ತೆಗೆ 78 ವರ್ಷ. ಅಲ್ಜೈಮರ್ ಅಂತ ಗೊತ್ತಾಗಿ ಎರಡು ವರ್ಷವಾಯಿತು. ದೀಪ ಹಚ್ಚುವ ಹೊತ್ತಾದರೆ ಸೀರೆಗಳನ್ನು ಗಂಟು ಕಟ್ಟಿಕೊಂಡು, ‘ನಮ್ಮನೆಗೆ ಹೋಗ್ಬೇಕು, ಅಮ್ಮ ಕಾಯ್ತಿರ್ತಾಳೆ’ ಎಂದು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಇದೇ ನಿಮ್ಮ ಮನೆ, ನಿಮ್ಮಮ್ಮ ತೀರಿಕೊಂಡು 30 ವರ್ಷವಾಯಿತು ಎಂದರೆ ಅಳುತ್ತಾರೆ, ಹೊಡೆಯಲೂ ಬರುತ್ತಾರೆ. ಸುಳ್ಳು ಹೇಳಲು ನನಗೆ ಮನಸ್ಸಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ಆ ಸಾವಿನ ಸುದ್ದಿಯನ್ನು ಇನ್ನು ಹೇಳಬೇಡಿ. ಸಂಜೆ ಸಂಜೆಯೂ ಅವರು ಅದನ್ನು ಮೊದಲ ಸಲ ಕೇಳುತ್ತಿದ್ದಾರೆ. ಈ ಕಾಯಿಲೆಯಲ್ಲಿ ಇತ್ತೀಚಿನ ನೆನಪು ಮೊದಲು ಅಳಿಸುತ್ತದೆ. ನೀವಿರುವ ಮನೆ ಮಸುಕಾಗಿ, ತವರುಮನೆ ನಿಚ್ಚಳವಾಗಿ ಉಳಿದಿರುತ್ತದೆ.

ನರ್ಸ್ ಆಗಿದ್ದ ನಾನೇ ನನ್ನ ತಾಯಿಗೆ ಕ್ಯಾಲೆಂಡರ್ ತೋರಿಸಿ ವಾದಿಸುತ್ತಿದ್ದೆ. ಒಂದು ಸಂಜೆ ಸಾಕಾಗಿ, ‘ನಿನ್ನ ತವರಿನ ಹಿತ್ತಿಲಲ್ಲಿ ಏನೇನಿತ್ತಮ್ಮ?’ ಎಂದು ಕೇಳಿದೆ. ಕೈಲಿದ್ದ ಚೀಲ ಕೆಳಗಿಟ್ಟಳು. ಬಕ್ಕೆ ಹಲಸಿನ ಮರ, ಬಾವಿಕಟ್ಟೆ, ಹಾಯುತ್ತಿದ್ದ ಕೆಂದ ಹಸು… ಅರ್ಧ ಗಂಟೆ ಹೇಳಿದಳು. ನಾನು ಒಂದೂ ಸುಳ್ಳು ಹೇಳಿರಲಿಲ್ಲ.

ಕತ್ತಲಾಗುವ ಮುಂಚೆಯೇ ಎಲ್ಲ ದೀಪ ಹಾಕಿಬಿಡಿ. ಮಬ್ಬು ಬೆಳಕಿನ ನೆರಳಿಗೆ ಅವರು ಹೆದರುತ್ತಾರೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಆ ಹೊತ್ತಿಗೆ ಕೈಗೆ ಹೂ ಕಟ್ಟುವುದೋ ಅವರೆಕಾಯಿ ಸುಲಿಯುವುದೋ ಕೊಡಿ, ಸರಿಯಾಗದಿದ್ದರೂ ತಿದ್ದಬೇಡಿ. ಹಸಿವೆ, ನೋವು, ಬಚ್ಚಲಿಗೆ ಹೋಗುವ ಅವಸರ ಹೇಳಲು ಬಾರದೆಯೂ ಬಾಗಿಲಿಗೆ ಬರುತ್ತಾರೆ. ಫೋನ್ ನಂಬರ್ ಬರೆದ ಬಟ್ಟೆಯ ತುಂಡೊಂದನ್ನು ರವಿಕೆಯ ಒಳಗೆ ಹೊಲಿದಿಡಿ.

ಒಂದು ಮಾತು ಮರೆಯಬೇಡಿ. ಎರಡು ಮೂರು ದಿನದಲ್ಲೇ ಗಲಿಬಿಲಿ ಏಕಾಏಕಿ ಹೆಚ್ಚಿದರೆ ‘ಕಾಯಿಲೆ ಜಾಸ್ತಿಯಾಯಿತು’ ಎಂದು ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೊಸದಾಗಿ ಶುರುಮಾಡಿದ ಮಾತ್ರೆ, ನಿದ್ದೆ ಬರಿಸುವ ನೆಗಡಿ ಮಾತ್ರೆ ಕೂಡ ಹಾಗೆ ಮಾಡುತ್ತವೆ. ಅಂದೇ ವೈದ್ಯರಿಗೆ ತೋರಿಸಿ. ವಾರ್ಡಿನಲ್ಲಿ ಇದನ್ನು ತಡವಾಗಿ ಗುರುತಿಸಿದ್ದನ್ನು ನಾನು ಕಂಡಿದ್ದೇನೆ.

ಮುಂದೆ ಹೋಮ್ ನರ್ಸ್ ಇಟ್ಟುಕೊಂಡರೆ ಮಾತ್ರೆಯ ಪಟ್ಟಿಯ ಜೊತೆ ಆ ಹಿತ್ತಿಲಿನ ಕಥೆಯನ್ನೂ ಬರೆದುಕೊಡಿ. ತವರಿನಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರು ಎನ್ನುವುದು ಆಕೆಗೆ ಗೊತ್ತಿರಲಿ.

ನಿಮಗೇ ತಡೆಯದಾದಾಗ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ. ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿನಲ್ಲಾದರೂ.

ನಿಮ್ಮ ಪತ್ರದಲ್ಲಿ ಯಜಮಾನರ ಸುದ್ದಿಯೇ ಇಲ್ಲ. ಅವರನ್ನು ಹೆತ್ತ ತಾಯಿ ಅದು. ಸಂಜೆ ಆರರಿಂದ ಏಳರ ತನಕ ಅಮ್ಮನ ಪಕ್ಕ ಅವರು ಕೂರಲಿ, ನೀವು ಚಪ್ಪಲಿ ಮೆಟ್ಟಿ ಹೊರಗೆ ತಿರುಗಾಡಿ ಬನ್ನಿ. ಈ ಉತ್ತರವನ್ನು ಅವರ ಕೈಗೂ ಕೊಡಿ.