ಬ್ಯಾಟರ್ ಇಚಿರೊ 214 ಹಿಟ್ ಹೊಡೆದರೂ 2010ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಸಿಯಾಟಲ್ ಮ್ಯಾರಿನರ್ಸ್ ಸಾಕಷ್ಟು ರನ್ ಗಳಿಸದೆ ಸೋತಿದ್ದೇಕೆ?

ಹಿಟ್ ಅಂದರೆ ಚೆಂಡು ಹೊಡೆದು ಬೇಸ್ ಸೇರುವುದು; ಬೇಸ್‌ಗಳನ್ನೆಲ್ಲ ಸುತ್ತಿ ಮನೆ (ಹೋಮ್ ಪ್ಲೇಟ್) ಮುಟ್ಟಿದರೆ ಒಂದು ರನ್. ಒಬ್ಬನ ಹಿಟ್‌ಗಳಿಂದಷ್ಟೇ ಹೆಚ್ಚು ರನ್ ಬರುವುದಿಲ್ಲ. ಅವನ ಹಿಂದೆ ಬರುವವರೂ ಔಟಾಗದೆ ಉಳಿಯಬೇಕು. ಆ ವರ್ಷ ಇಚಿರೊ ಬ್ಯಾಟಿಂಗ್ ಸರಾಸರಿ (ಹೊಡೆಯುವ ಅವಕಾಶಗಳಲ್ಲಿ ಹಿಟ್ ಆದ ಪಾಲು) 0.315, ಆದರೆ ಮನೆ ಮುಟ್ಟಿದ್ದು 74 ಸಲ ಮಾತ್ರ. ಇಡೀ ತಂಡದ್ದು 162 ಪಂದ್ಯಗಳಲ್ಲಿ 513 ರನ್, ಅಂದರೆ ಪಂದ್ಯಕ್ಕೆ ಮೂರು ಚಿಲ್ಲರೆ.

ತಂಡದ ಬ್ಯಾಟಿಂಗ್ ಸರಾಸರಿಯನ್ನು (0.236) ಪಕ್ಕಕ್ಕಿಟ್ಟು ಆನ್‌ಬೇಸ್ ಪ್ರಮಾಣ, ಅಂದರೆ ಔಟಾಗದೆ ಬೇಸ್ ಸೇರಿದವರ ಪಾಲು ನೋಡಿ. ಹಿಟ್, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಬೇಸ್), ಮೈಗೆ ಚೆಂಡು ತಗಲಿ ಸಿಕ್ಕ ಬೇಸ್ ಎಲ್ಲವೂ ಅದರಲ್ಲಿ ಸೇರುತ್ತವೆ. ತಂಡದ್ದು 0.298 ಇತ್ತು: ಹತ್ತು ಜನ ಬಂದರೆ ಏಳು ಜನ ಔಟ್. ಇನಿಂಗ್ಸ್‌ಗೆ ಇರುವುದೇ ಮೂರು ಔಟ್, ಹಾಗಾಗಿ ಸರಾಸರಿ ಒಬ್ಬನಿಗಿಂತ ತುಸು ಹೆಚ್ಚು ಜನ ಬೇಸ್ ಸೇರುತ್ತಾರೆ. ಅವನನ್ನು ಮನೆಗೆ ತರಲು ದೊಡ್ಡ ಹೊಡೆತ ಬೇಕು. ಅದೂ ಇರಲಿಲ್ಲ. ಸ್ಲಗಿಂಗ್ (ಪ್ರತಿ ಹೊಡೆಯುವ ಅವಕಾಶಕ್ಕೆ ಹಿಟ್‌ಗಳಿಂದ ಗಳಿಸಿದ ಬೇಸ್‌ಗಳ ಸರಾಸರಿ) 0.339, ವರ್ಷವಿಡೀ 101 ಹೋಮ್ ರನ್ (ಸಾಮಾನ್ಯವಾಗಿ ಬೇಲಿಯಾಚೆ ಹೋಗುವ ಹೊಡೆತ).

ಇಂಥ ತಂಡ ಹತಾಶೆಯಿಂದ ಸ್ಯಾಕ್ರಿಫೈಸ್ ಬಂಟ್‌ಗೆ (ತಾನು ಔಟಾದರೂ ಬೇಸ್‌ನಲ್ಲಿರುವವನನ್ನು ಮುಂದೆ ಸರಿಸಲು ಚೆಂಡನ್ನು ಮೆಲ್ಲಗೆ ತಟ್ಟುವುದು) ಇಳಿದರೆ ಇನ್ನೂ ಕೆಡುತ್ತದೆ. ಔಟಿಲ್ಲದೆ ಮೊದಲ ಬೇಸ್‌ನಲ್ಲಿ ಒಬ್ಬನಿದ್ದಾಗ ಆ ಇನಿಂಗ್ಸ್‌ನಲ್ಲಿ ನಿರೀಕ್ಷಿಸಬಹುದಾದ ರನ್ ಸುಮಾರು 0.9, ಒಂದು ಔಟ್ ತೆತ್ತು ಎರಡನೇ ಬೇಸ್‌ಗೆ ಸರಿಸಿದರೆ ಅದು ಸುಮಾರು 0.7ಕ್ಕೆ ಇಳಿಯುತ್ತದೆ. ಕೊನೆಯ ಇನಿಂಗ್ಸ್‌ನಲ್ಲಿ ಒಂದೇ ರನ್ ಸಾಕೆನ್ನುವಾಗ ಮಾತ್ರ ಅದಕ್ಕೆ ಅರ್ಥವಿದೆ.

"ಬೇಸ್‌ನಲ್ಲಿ ಜನರಿದ್ದಾಗ ಹೊಡೆಯಲ್ಲ" ಎಂಬ ಬೈಗುಳ ಸಹಜವೇ, ಆದರೆ ಆ ಅಂಕಿ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಈ ತಂಡದ ಕೊರತೆ ಅದಕ್ಕಿಂತ ಮೂಲದ್ದು.

ಹೆಚ್ಚು ನೊಂದವರು ಚೆಂಡೆಸೆಯುವ ಪಿಚರ್‌ಗಳು. ಫೆಲಿಕ್ಸ್ ಹೆರ್ನಾಂಡೆಸ್ 2.27 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ತಮ್ಮ ಲೆಕ್ಕಕ್ಕೆ ಬಿಟ್ಟುಕೊಟ್ಟ ರನ್) ಇಟ್ಟುಕೊಂಡು ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಅವರ ಲೆಕ್ಕದಲ್ಲಿ 13 ಗೆಲುವು, 12 ಸೋಲು. ತಂಡ ಸೋತದ್ದು 101 ಪಂದ್ಯ.