ಗುಡುಗಿನ ದೇವ ಥಾರ್‌ನ ಮ್ಯೋಲ್ನಿರ್ ಸುತ್ತಿಗೆಗೆ ಅವನ ಹಳೆಯ ಪ್ರೇಯಸಿ ಜೇನ್ ಫಾಸ್ಟರ್ ಮೇಲೆ ಪ್ರೀತಿ ಇದ್ದುದಾದರೆ, ಅವಳ ಜೀವವನ್ನೇ ಅದು ಹೀರುತ್ತಿದ್ದುದೇಕೆ?

ಪ್ರೀತಿ ಇತ್ತು ಎಂಬುದೇ ನನ್ನ ಉತ್ತರ. ಆದರೆ ಜೀವ ಹೀರುತ್ತಿತ್ತು ಎಂಬ ನಿಮ್ಮ ಮಾತು 2022ರ ‘ಥಾರ್: ಲವ್ ಆ್ಯಂಡ್ ಥಂಡರ್’ ಸಿನಿಮಾಕ್ಕೆ ಹೊಂದುತ್ತದೆಯೇ ಹೊರತು ಮೂಲ ಮಾರ್ವೆಲ್ ಕಾಮಿಕ್ಸಿಗೆ ಹೊಂದುವುದಿಲ್ಲ. ಅಲ್ಲಿ ನಡೆಯುವುದು ಇನ್ನೂ ಕಠಿಣವಾದದ್ದು.

ಕಾಮಿಕ್ಸಿನಲ್ಲಿ ಥಾರ್ 2014ರಲ್ಲಿ ಸುತ್ತಿಗೆಯನ್ನು ಎತ್ತುವ ತನ್ನ ಅರ್ಹತೆಯನ್ನು ಕಳೆದುಕೊಳ್ಳುತ್ತಾನೆ. ಅವನಿಂದ ಎತ್ತಲಾಗದೆ ಚಂದ್ರನ ನೆಲದಲ್ಲಿ ಬಿದ್ದಿದ್ದ ಸುತ್ತಿಗೆಯ ಕರೆಗೆ ಓಗೊಟ್ಟು, ಸ್ತನ ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುತ್ತಿದ್ದ ಜೇನ್ ಹೊಸ ಥಾರ್ ಆಗುತ್ತಾಳೆ. ಆದರೆ ಪ್ರತಿ ರೂಪಾಂತರದಲ್ಲಿಯೂ ಸುತ್ತಿಗೆಯ ಶಕ್ತಿ ಅವಳ ದೇಹದೊಳಗಿನ ವಿಷವನ್ನೆಲ್ಲ ತೊಳೆದುಹಾಕುತ್ತದೆ, ಮತ್ತು ಕಿಮೊ ಔಷಧವೂ ಆ ಶಕ್ತಿಯ ಪಾಲಿಗೆ ವಿಷವೇ ಆಗಿರುತ್ತದೆ; ಕ್ಯಾನ್ಸರ್ ಮಾತ್ರ ಅವಳದೇ ಜೀವಕೋಶಗಳಿಂದ ಹುಟ್ಟಿದ್ದರಿಂದ ಹಾಗೆಯೇ ಉಳಿಯುತ್ತದೆ. ಆಯುಧಕ್ಕೆ ಅವಳ ಮೇಲೆ ದ್ವೇಷವಿದ್ದಿದ್ದರೆ ಜೇನ್ ಅದನ್ನು ಬಿಸುಟು ಹೋಗಬಹುದಿತ್ತು. ದ್ವೇಷವಿಲ್ಲದಿರುವುದರಿಂದಲೇ ಈ ಸಂಬಂಧ ಇಷ್ಟು ತೊಡಕಿನದಾಗಿದೆ.

ಸುತ್ತಿಗೆಯೊಳಗೆ ಇರುವುದು ಯಾರು ಎಂಬುದನ್ನೂ ಇಲ್ಲಿ ಹೇಳಬೇಕು. ಬಹಳ ಹಿಂದೆ ಥಾರ್‌ನ ತಂದೆ ಓಡಿನ್ ಜೊತೆ ಕಾದಾಡಿ ಸೋತು, ಉರು ಎಂಬ ಲೋಹದಲ್ಲಿ ಸೆರೆಯಾದ ಒಂದು ದೈವೀ ಬಿರುಗಾಳಿಯೇ ಅದರ ಜೀವ. 1962ರಿಂದ ಓದುಗರು ಬರಿಯ ಆಯುಧವೆಂದು ನೋಡುತ್ತ ಬಂದ ವಸ್ತು ಹೀಗೆ ಒಬ್ಬ ಕೈದಿಯಾಗಿ ಕಾಣಿಸಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ತೋರುತ್ತದೆ. ಜೇನ್ ಕೈಯಲ್ಲಿ ಅದು ಹಿಂದೆಂದೂ ಹಾರದ ರೀತಿಯಲ್ಲಿ ಹಾರುತ್ತದೆ. ಹೊಸ ಥಾರ್ ಜೇನ್ ಎಂಬ ಗುಟ್ಟು ಬಯಲಾಗುವ ಸಂದರ್ಭದಲ್ಲಿ ಸುತ್ತಿಗೆ ತಾನೇ ಥಾರ್ ರೂಪ ತಾಳಿ ಅವಳನ್ನು ಕಾಯುತ್ತದೆ. ಕಾಯಿಲೆಯ ಮೈಯಲ್ಲಿ ಸಿಕ್ಕಿಕೊಂಡವಳಿಗೂ ಲೋಹದಲ್ಲಿ ಸಿಕ್ಕಿಕೊಂಡದ್ದಕ್ಕೂ ಪರಸ್ಪರ ಗುರುತು ಹತ್ತಿತು ಎಂದೇ ನಾನು ಓದಿಕೊಂಡಿದ್ದೇನೆ.

ನಮ್ಮ ಕಾಸರಗೋಡಿನ ಕಡೆ ತಾಳಮದ್ದಳೆಯಲ್ಲಿ ಕರ್ಣಪರ್ವವನ್ನು ಕೇಳಿ ಬೆಳೆದವರಿಗೆ ಮಾತಾಡುವ ಅಸ್ತ್ರವೇನೂ ಹೊಸತಲ್ಲ. ಖಾಂಡವದಹನದಲ್ಲಿ ತಾಯಿಯನ್ನು ಕಳೆದುಕೊಂಡ ಅಶ್ವಸೇನನೆಂಬ ಸರ್ಪ ಕರ್ಣನ ಬಾಣವನ್ನು ಸೇರಿ, ಕೃಷ್ಣನು ರಥವನ್ನು ಕೆಳಕ್ಕೆ ಒತ್ತಿದ್ದರಿಂದ ಅರ್ಜುನನ ಕಿರೀಟವನ್ನಷ್ಟೇ ಹಾರಿಸಿ, ಮರಳಿ ಬಂದು ತನ್ನನ್ನು ಮತ್ತೊಮ್ಮೆ ತೊಡು ಎಂದು ಬೇಡುತ್ತಾನೆ. ತೊಟ್ಟ ಬಾಣವನ್ನು ಮರಳಿ ತೊಡುವುದಿಲ್ಲವೆಂದು ಕುಂತಿಗೆ ಮಾತು ಕೊಟ್ಟ ಕರ್ಣ ಒಪ್ಪುವುದಿಲ್ಲ. ಒಳ್ಳೆಯ ಅರ್ಥಧಾರಿಗಳು ಈ ಸಂವಾದವನ್ನು ಬೆಳೆಸುವಾಗ ಸಭೆಯೇ ಸ್ತಬ್ಧವಾಗುವುದನ್ನು ನಾನು ಕಂಡಿದ್ದೇನೆ. ಅಶ್ವಸೇನನಿಗೆ ಬೇಕಾಗಿದ್ದುದು ತನ್ನ ಹಗೆ ತೀರುವುದು, ಅದಕ್ಕೆ ಒಂದು ಬಿಲ್ಲು. ಕರ್ಣನ ಬದುಕು ಏನಾಗುತ್ತದೆ ಎಂಬ ಯೋಚನೆ ಅವನಿಗಿಲ್ಲ. ಬಿರುಗಾಳಿಗೂ ಓಡಿನ್ ಮೇಲೆ ಹಗೆ ಸಾಧಿಸಲು ಕಾರಣವಿತ್ತು, ಆದರೂ ಅದು ಜೇನ್‌ಳನ್ನು ಆ ಕೆಲಸಕ್ಕೆ ಬಳಸಿಕೊಳ್ಳುವುದಿಲ್ಲ. ಅದರಲ್ಲಿ ಪ್ರೀತಿ ಇತ್ತು ಎಂದು ನಾನು ಹೇಳಲು ಇದೇ ಮುಖ್ಯ ಕಾರಣ.

ಹಾಗಾದರೆ ಜೇನ್ ಸಾವಿನ ಹೊಣೆ ಯಾರದು? ಇನ್ನೊಮ್ಮೆ ಥಾರ್ ಆದರೆ ಉಳಿಯುವುದಿಲ್ಲವೆಂಬ ಎಚ್ಚರಿಕೆ ಅವಳಿಗೆ ಸಿಕ್ಕಿತ್ತು. ಆದರೂ 2018ರ ಸಂಚಿಕೆಗಳಲ್ಲಿ ಮ್ಯಾಂಗೋಗ್ ಎಂಬ ದೈತ್ಯ ದೇವತೆಗಳನ್ನು ಮುಗಿಸಲು ಬಂದಾಗ ಅವಳು ಸುತ್ತಿಗೆಯನ್ನು ಎತ್ತುತ್ತಾಳೆ, ಸರಪಳಿಯಿಂದ ಅವನನ್ನು ಆ ಸುತ್ತಿಗೆಗೇ ಬಿಗಿದು ಸೂರ್ಯನೊಳಕ್ಕೆ ಎಸೆಯುತ್ತಾಳೆ. ತಾನು ಸಾಯುವುದರ ಜೊತೆಗೆ ಸಂಗಾತಿಯನ್ನೂ ಬೆಂಕಿಗೆ ಕೊಡುವ ನಿರ್ಧಾರ ಸಂಪೂರ್ಣವಾಗಿ ಅವಳದು. ಸುತ್ತಿಗೆ ಅವಳನ್ನು ತಡೆಯಲಿಲ್ಲ ಎಂಬ ಕಾರಣಕ್ಕೆ ಕೆಲವರು ಅದನ್ನು ದೂರುತ್ತಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ, ಏಕೆಂದರೆ ತಡೆದಿದ್ದರೆ ಅದೂ ಅವಳ ಪರವಾಗಿ ತೀರ್ಮಾನ ಮಾಡಿದ ಮತ್ತೊಬ್ಬ ಯಜಮಾನನಾಗುತ್ತಿತ್ತು. ಲೋಹ ಕರಗಿದಾಗ ಬಿರುಗಾಳಿ ಬಿಡುಗಡೆಯಾಗುತ್ತದೆ, ಮತ್ತು ಅವಳನ್ನು ಬದುಕಿಗೆ ಮರಳಿಸುವುದರಲ್ಲಿ ಅದರ ಶಕ್ತಿಗೂ ಪಾಲಿದೆ. ಆಮೇಲೆ ಜೇನ್ ಆರಿಸಿಕೊಳ್ಳುವುದು ಆಸ್ಪತ್ರೆಯನ್ನು.

ಸಿನಿಮಾದಲ್ಲಿ ಇಷ್ಟು ಆಳವಿಲ್ಲ. ಅಲ್ಲಿ ಜೇನ್‌ಳನ್ನು ಸದಾ ಕಾಪಾಡು ಎಂದು ಥಾರ್ ಹಿಂದೊಮ್ಮೆ ಸುತ್ತಿಗೆಯನ್ನು ಕೇಳಿಕೊಂಡಿರುತ್ತಾನೆ, ಸುತ್ತಿಗೆಯ ಒಡೆದ ಚೂರುಗಳು ಒಂದಾಗಿ ಅವಳನ್ನು ಸೇರುವುದು ಆ ಮಾತಿನ ಬಲದಿಂದ. ಅವನ ಪ್ರೀತಿಯನ್ನು ಅದು ಪಾಲಿಸಿತು ಎನ್ನಬಹುದು. ಸುತ್ತಿಗೆಯ ಸ್ವಂತ ಮನಸ್ಸನ್ನು ತಿಳಿಯಬೇಕೆಂದಿದ್ದರೆ ನೀವು 2014ರಿಂದ 2018ರವರೆಗಿನ ಕಾಮಿಕ್ ಸಂಚಿಕೆಗಳನ್ನೇ ಕ್ರಮವಾಗಿ ಓದಬೇಕು.